ಕರಿಬಂಡೆಯ ಆಚೆಯ ನೀರು

ಜೆಜು ದ್ವೀಪದ ಆ ಊರಿನಲ್ಲಿ ಉಸಿರು ಬಿಗಿಹಿಡಿದು ಕಡಲಿಗೆ ಧುಮುಕುವ ಹೆಂಗಸರಿಗೆಲ್ಲ ಅರವತ್ತನಾಲ್ಕರ ಗ್ಯೆಸುಕ್ ಹಿರಿಯಳು, ಮುಂದಾಳು. ಒಳಗಿನ ಮಾಂಸಕ್ಕಾಗಿ ಅವರು ಕೀಳುವ ಜೊನ್‌ಬೊಕ್ ಚಿಪ್ಪು ಬೆರಳೆಣಿಕೆಗೆ ಇಳಿದ ವರ್ಷ, ಕರಿಬಂಡೆಯ ಆಚೆ ಮೂರು ವರ್ಷ ಯಾರೂ ಮುಳುಗಬಾರದೆಂದು ಎಲ್ಲರಿಂದ ಮಾತು ತೆಗೆದುಕೊಂಡಳು. ಮರಿಗಳು ಬೆಳೆಯಬೇಕು, ಅಷ್ಟೇ ಅವಳ ಹಟ. ದಿನಾ ಬೆಳಗ್ಗೆ ತಾನೇ ಹೋಗಿ ಕಾವಲು ನಿಲ್ಲುತ್ತಿದ್ದಳು.

ಮೊದಲ ಚಳಿಗಾಲದಲ್ಲೇ, ಮೂವತ್ತು ವರ್ಷ ಜೊತೆಯಲ್ಲಿ ಮುಳುಗೆದ್ದ ಮಾಲ್ಜಾ ಅಲ್ಲಿ ಸಿಕ್ಕಿಬಿದ್ದಳು. ಬಲೆಚೀಲದಲ್ಲಿ ಬೆರಳುದ್ದದ ಮರಿಗಳು.

“ಎರಡೇ ಎರಡು ಅಕ್ಕಾ. ಸೊಸೆ ಬಾಣಂತಿ, ಗಂಜಿಗೆ ಹಾಕೋಣ ಅಂತ.”

“ಬಾಣಂತಿಗೆ ನಮ್ಮನೆ ಕೋಳಿ ಒಯ್ಯಿ. ಇವನ್ನ ನೀರಿಗೆ ಬಿಡು.”

ಗ್ಯೆಸುಕ್ ಇದನ್ನು ಯಾರಿಗೂ ಹೇಳಲಿಲ್ಲ. ಮಾಲ್ಜಾ ಕೋಳಿ ಒಯ್ದಳು, ಜೊತೆಗೆ ಒಂದು ಕಥೆಯನ್ನೂ ಕಟ್ಟಿದಳು. ಕಾವಲಿನ ನೆಪದಲ್ಲಿ ಗ್ಯೆಸುಕ್ ಒಬ್ಬಳೇ ಇಳಿದು ಪೇಟೆಯ ಹೋಟೆಲಿಗೆ ಚಿಪ್ಪು ಸಾಗಿಸುತ್ತಾಳಂತೆ!

ಅಂಥ ಮಾತಿಗೆ ಕಾಲು ಬರಲು ಎಷ್ಟು ಹೊತ್ತು? ನೀರಿನಿಂದೆದ್ದ ಹೆಂಗಸರು ಮೈ ಕಾಯಿಸುವ ಬೆಂಕಿಯ ಸುತ್ತ ಅವಳಿಗೆ ಜಾಗ ಬಿಡುವವರೇ ಇಲ್ಲವಾದರು. ಒಂದು ಬೆಳಗ್ಗೆ ಅವಳ ಹೊಸ್ತಿಲ ಮೇಲೆ ಹುಳ ಬಿದ್ದ ಖಾಲಿ ಚಿಪ್ಪುಗಳ ರಾಶಿ. ಬರಿಗೈಯಲ್ಲೇ ಬಾಚಿ, ಬುಟ್ಟಿಗೆ ತುಂಬಿ ಎಸೆದು ಬಂದಳು.

ಕೊನೆಗೆ ಮನೆ ಶೋಧಿಸಬೇಕೆಂದರು. “ಬನ್ನಿ” ಎಂದಳು. ಬಂದರು. ಕಿಮ್ಚಿ ಉಪ್ಪಿನಕಾಯಿಯ ಜಾಡಿಗೆ ಮೊಣಕೈವರೆಗೆ ಕೈಹಾಕಿದರು, ಸತ್ತ ಗಂಡನ ಬಟ್ಟೆಗಳನ್ನು ಕೊಡವಿ ಮೂಸಿದರು. ಹಾಸಿಗೆ ಮಗುಚುತ್ತಿದ್ದವಳು ಮಾಲ್ಜಾ.

“ನೀನೂನಾ?”

“ಊರೇ ಹೇಳ್ತಿದೆ ಅಕ್ಕಾ. ನಾನೊಬ್ಬಳು ಬರದೇ ಇದ್ರೆ ಚೆನ್ನಾಗಿರುತ್ತಾ?”

ಗ್ಯೆಸುಕ್ ಹಾಸಿಗೆಯ ಇನ್ನೊಂದು ತುದಿ ಹಿಡಿದು ನಿಂತಳು. ನಿಜ ನಾಲಿಗೆಯ ತುದಿಯವರೆಗೂ ಬಂತು. ಹೇಳಿದರೆ, ‘ಮಾಲ್ಜಾ ಇಳಿದಳಲ್ಲ, ನಾವೇಕೆ ಬಿಡಬೇಕು’ ಎಂದು ನಾಳೆಯೇ ಎಲ್ಲರೂ ಆ ನೀರಿಗೆ ಬೀಳುತ್ತಾರೆ. ನುಂಗಿಕೊಂಡಳು.

ಏನೂ ಸಿಗಲಿಲ್ಲ. “ಬೇರೆ ಕಡೆ ಬಚ್ಚಿಟ್ಟಿದಾಳೆ ಬಿಡ್ರೇ” ಎಂದಳೊಬ್ಬಳು.

“ಹಿರಿತನ ಬೇಕಾದ್ರೆ ಕಿತ್ಕೊಳ್ಳಿ. ಮೂರು ವರ್ಷ ಆಗೋವರೆಗೂ ಅಲ್ಲಿ ಇಳಿಯೋಕೆ ಮಾತ್ರ ಬಿಡಲ್ಲ” ಎಂದಳು ಗ್ಯೆಸುಕ್.

ಹಿರಿತನ ಕಿತ್ತುಕೊಂಡರು. ಅವಳು ಕಾವಲು ಬಿಡಲಿಲ್ಲ. ಮಳೆಯಲ್ಲಿ, ಗಾಳಿಯಲ್ಲಿ, ಎದುರಾದವರು ಮುಖ ತಿರುಗಿಸಿ ಉಗುಳಿದರೂ ಹೋಗಿ ನಿಂತಳು.

ಮೂರು ವರ್ಷ ತುಂಬಿದ ದಿನ ಅಂಗೈಯಗಲದ ಚಿಪ್ಪುಗಳು ಚೀಲಗಟ್ಟಲೆ ಮೇಲೆ ಬಂದವು. ಎಲ್ಲರಿಗಿಂತ ಮೊದಲು ಚೀಲ ತುಂಬಿಸಿದವಳು ಮಾಲ್ಜಾ. ಬೆಂಕಿಯ ಬಳಿ ಹೆಂಗಸರು ಅಂದು ಗ್ಯೆಸುಕ್‌ಗೆ ಜಾಗ ಬಿಟ್ಟರು. ಮಾಲ್ಜಾ ಎಳ್ಳೆಣ್ಣೆ ಸವರಿದ, ಚಿಪ್ಪಿನ ಹಸಿ ಮಾಂಸದ ತುಂಡನ್ನು ಅವಳ ಬಾಯಿಯ ಹತ್ತಿರ ಹಿಡಿದಳು.

“ತಗೋ ಅಕ್ಕಾ. ನಿನ್ನ ಮೇಲೆ ನಂಗೆ ಮೊದಲಿಂದ್ಲೂ ನಂಬಿಕೆ.”

ಎಣ್ಣೆಯಲ್ಲಿ ಮಿಂಚುವ ಆ ಬೆರಳುಗಳನ್ನು ಕಂಡು ಗ್ಯೆಸುಕ್ ಮುಖ ಹಿಂದಕ್ಕೆಳೆದಳು.

“ದೂರ ತೆಗಿ. ನೀನೇ ತಿನ್ನು.”

ಎದ್ದು ನಿಂತು, “ನಾಳೆಯಿಂದ ಪಡುವಣ ಕೊಲ್ಲಿ ಮುಚ್ಚಬೇಕು. ಅಲ್ಲೂ ಬರಿದಾಗಿದೆ” ಎಂದಳು.

ಹೆಂಗಸರು ಗೊಣಗಿದರು. “ಅಲ್ಲಿ ಇವಳಿಗೆ ಏನು ಗಂಟು ಸಿಕ್ಕಿದೆಯೋ” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಯಾರೆಂದು ಅವಳು ತಿರುಗಿ ನೋಡಲಿಲ್ಲ. ಕೊಲ್ಲಿಯ ಗಡಿ ಗುರುತಿಸಲು ಕಟ್ಟುವ ಹಗ್ಗ ಅಳೆಯಲು ಹೊರಟಳು.