ಕೈ ಕುಲುಕಿದವರ ಲೆಕ್ಕ

ಗಣಿತದ ಪುಸ್ತಕಗಳಲ್ಲಿ ವಾಸಿಸುವ ಜನರಿಗೆ ನೆಗಡಿಯಾಗುವುದಿಲ್ಲವೆಂಬ ಸಂಗತಿಯನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಕಳೆದ ನಾಲ್ಕು ತಿಂಗಳಿಂದ ಗಮನಿಸಿ ಗಮನಿಸಿ ಹೊಟ್ಟೆಕಿಚ್ಚುಪಟ್ಟಿದ್ದೇನೆ. ಹನ್ನೆರಡು ದಿನಗಳಲ್ಲಿ ಗೋಡೆ ಕಟ್ಟುತ್ತೇನೆಂದವನು ಹನ್ನೆರಡನೆಯ ಸಂಜೆಗೆ ಸರಿಯಾಗಿ ಕರಣೆ ತೊಳೆದಿಡುತ್ತಾನೆ. ನಡುವೆ ಅವನ ನಾದಿನಿಯ ಮದುವೆ ಬರುವುದಿಲ್ಲ, ಸಿಮೆಂಟು ಸಾಲದೆ ಹೋಗುವುದಿಲ್ಲ. ಮೇಲಿನ ನಲ್ಲಿಯಿಂದ ತೊಟ್ಟಿಗೆ ನೀರು ಬೀಳುತ್ತಿರುವಾಗಲೇ ತಳದ ನಲ್ಲಿಯನ್ನೂ ತೆರೆದಿಟ್ಟ ಮಹಾನುಭಾವನನ್ನು ಅವನ ಹೆಂಡತಿ 'ಏನ್ರೀ, ನಿಮಗೆ ಬುದ್ಧಿಗಿದ್ದಿ ಇದೆಯಾ' ಎಂದು ಒಂದು ಮಾತೂ ಕೇಳುವುದಿಲ್ಲ. ಅಂಥ ಶಾಂತಿ ಋಷಿಗಳ ಆಶ್ರಮದಲ್ಲೂ ಇದ್ದಿರಲಾರದು.

ಈ ನಿರ್ವಿಘ್ನ ಪ್ರಪಂಚದೊಳಕ್ಕೆ ನಲವತ್ತೇಳರ ವಯಸ್ಸಿನಲ್ಲಿ ನನ್ನನ್ನು ಎಳೆದು ತಂದವಳು ನನ್ನ ಮಗಳು ಅನಘಾ. ಒಂಬತ್ತನೆಯ ತರಗತಿಯ ಈ ಹುಡುಗಿ, ಪ್ರೌಢಶಾಲೆಯ ಮಕ್ಕಳಿಗೆಂದು ನಡೆಯುವ ಗಣಿತ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟು ಬಂದಂದಿನಿಂದ ದಿನಕ್ಕೆ ನಾಲ್ಕು ಲೆಕ್ಕ ಬಿಡಿಸುವ ವ್ರತ ಹಿಡಿದಿದ್ದಾಳೆ. ಇವು ಸೂತ್ರಕ್ಕೆ ಸಂಖ್ಯೆ ತುಂಬಿ ಗುಣಿಸಿದರೆ ಕೈಮುಗಿದು ಎದ್ದುಹೋಗುವ ಶಾಲೆಯ ಸಾಧು ಲೆಕ್ಕಗಳಲ್ಲ; ಎರಡು ಸಾಲಿನ ಪ್ರಶ್ನೆ, ಎರಡು ದಿನದ ತಲೆಬಿಸಿ. ಅವಳ ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು ನಾನೂ ಕೂತುಬಿಟ್ಟೆ. ಯಾರೂ ಕರೆದಿರಲಿಲ್ಲ.

ಏಕೆ ಕೂತೆನೆಂದರೆ, ಅದಕ್ಕೊಂದು ಸ್ವಾರ್ಥವಿದೆ, ಮುಚ್ಚಿಡುವುದೇಕೆ. ರೈಲ್ವೆ ನೌಕರಿಯ ವರ್ಗಾವಣೆ ನಮ್ಮನ್ನು ತುಮಕೂರಿನಿಂದ ಎತ್ತಿ ಕಾಶಿಯ ಭೇಲೂಪುರದ ಬಾಡಿಗೆ ಮನೆಯಲ್ಲಿ ತಂದಿರಿಸಿದಾಗ ಅವಳಿಗೆ ಮೂರು ವರ್ಷ. ಈಗ ಅವಳು ಹಿಂದಿಯಲ್ಲಿ ನಗುತ್ತಾಳೆ, ಹಿಂದಿಯಲ್ಲಿ ಮುನಿಯುತ್ತಾಳೆ, ನಿದ್ದೆಯಲ್ಲೂ ಹಿಂದಿಯಲ್ಲೇ ಕನವರಿಸುತ್ತಾಳೆ. ನನ್ನಾಕೆ ಶೈಲಜಳೂ ತರಕಾರಿಯವರೊಡನೆ ಚೌಕಾಸಿ ಮಾಡುತ್ತ ಮಾಡುತ್ತ ಆ ಭಾಷೆಯಲ್ಲಿ ಪಳಗಿಹೋಗಿ, ತಾಯಿ ಮಗಳು ಅಡುಗೆಮನೆಯಲ್ಲಿ ಹರಟುವಾಗ ನಾನು ನನ್ನ ಮನೆಯಲ್ಲೇ ವೀಸಾ ಮುಗಿದ ಪ್ರವಾಸಿ. ನನ್ನ ಹಿಂದಿಯೋ, ರೈಲು ಏಕೆ ತಡವಾಯಿತೆಂದು ವಿವರಿಸುವುದಕ್ಕೆ ಮಾತ್ರ ಸಾಲುವಂಥದು. ಆದರೆ ನನ್ನ ಗಣಿತ ನಿಂತಿರುವುದು ಕನ್ನಡದ ಮಗ್ಗಿಯ ಮೇಲೆ. 'ಒಂಬತ್ತಾರ್ಲ ಐವತ್ನಾಲ್ಕು' ಎಂದು ರಾಗವಾಗಿ ಹಾಡದೆ ನನಗೆ ಐವತ್ನಾಲ್ಕು ದಕ್ಕುವುದೇ ಇಲ್ಲ. ಹೀಗಾಗಿ ಸಂಜೆ ಆರರಿಂದ ಏಳರವರೆಗೆ ನಮ್ಮ ಊಟದ ಮೇಜು ಕನ್ನಡನಾಡಾಗಿರುತ್ತದೆ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಗಳು ನನ್ನೊಡನೆ ನಮ್ಮ ಭಾಷೆಯಲ್ಲಿ ಮಾತನಾಡುವುದು ಅದೊಂದೇ ಗಂಟೆ. ಅದಕ್ಕಾಗಿ ಲೆಕ್ಕವೇನು ಮಹಾ, ಅವಳು ಭರತನಾಟ್ಯ ಕಲಿಯುತ್ತಿದ್ದರೆ ನಾನೂ ಗೆಜ್ಜೆ ಕಟ್ಟುತ್ತಿದ್ದೆ.

ಕಟ್ಟಿದ್ದರೇ ವಾಸಿಯಿತ್ತೇನೋ. ಮೊದಲನೆಯ ವಾರದ ಲೆಕ್ಕದಲ್ಲಿ ಎರಡು ಊರುಗಳಿಂದ ಎರಡು ರೈಲುಗಳು ಎದುರುಬದುರಾಗಿ ಹೊರಟವು. ಎಲ್ಲಿ ಸಂಧಿಸುತ್ತವೆ ಎಂಬುದು ಪ್ರಶ್ನೆ. ಜೋಡಿ ಹಳಿಯೋ ಒಂಟಿ ಹಳಿಯೋ ಎಂದು ನಾನು ಕೇಳಿದೆ. ಒಂಟಿ ಹಳಿಯಾದರೆ ಅವು ಸಂಧಿಸಲೇಕೂಡದು, ಅದನ್ನು ತಪ್ಪಿಸಲೆಂದೇ ನಮಗೆಲ್ಲ ಸರ್ಕಾರ ಸಂಬಳ ಕೊಡುತ್ತಿರುವುದು. ತಿಂಗಳು ಯಾವುದು, ಜನವರಿಯಾದರೆ ಮಂಜಿನ ಕಥೆಯೇನು ಎಂದೂ ಕೇಳಿದೆ. "ಮಾನ್ ಲೋ ಅಪ್ಪಾ!" ಎಂದು ಅವಳು ಹಣೆ ಚಚ್ಚಿಕೊಂಡು, ಅದು ಕನ್ನಡದ ಗಂಟೆಯೆಂಬ ನಿಯಮ ನೆನಪಾಗಿ, "ಅಂದ್ಕೋ! ಸುಮ್ನೆ ಹಾಗೆ ಅಂದ್ಕೋ!" ಎಂದು ತಿದ್ದಿಕೊಂಡಳು. ಹಾಗೆ ಅಂದುಕೊಳ್ಳುವ ಶಕ್ತಿಯನ್ನು ಇಪ್ಪತ್ತೆರಡು ವರ್ಷಗಳ ರೈಲ್ವೆ ಸೇವೆ ನನ್ನಿಂದ ಕಿತ್ತುಕೊಂಡಿತ್ತು.

ಮುಂದಿನ ವಾರ ದೋಣಿ. ನಿಶ್ಚಲವಾದ ನೀರಿನಲ್ಲಿ ಅದರ ವೇಗ ಇಷ್ಟು, ಪ್ರವಾಹದ ಎದುರು ಹೋಗಲು ಹಿಡಿಯುವ ಸಮಯ ಇಷ್ಟು, ಇತ್ಯಾದಿ. ಕಾಶಿಯಲ್ಲಿದ್ದುಕೊಂಡು ದೋಣಿಯ ವಿಷಯಕ್ಕೆ ಪುಸ್ತಕದ ಮುಂದೆ ಕೈಯೊಡ್ಡುವುದೇ ಎಂಬ ಸ್ವಾಭಿಮಾನದಿಂದ ದಶಾಶ್ವಮೇಧ ಘಾಟಿಗೆ ಹೋಗಿ, ಹುಟ್ಟು ಹಾಕುವ ಮುದುಕನೊಬ್ಬನನ್ನು ನಿಂತ ನೀರಿನಲ್ಲಿ ನಿನ್ನ ದೋಣಿಯ ವೇಗವೆಷ್ಟಪ್ಪಾ ಎಂದು ವಿಚಾರಿಸಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಾಹಬ್, ಗಂಗಾ ಮೈಯಾ ಕಬ್ ರುಕೀ ಹೈಂ?" ಎಂದ. ಗಂಗಮ್ಮ ಯಾವತ್ತು ನಿಂತಿದ್ದಾಳೆ ಸ್ವಾಮಿ! ದೋಣಿಯಲ್ಲಿ ಕೂತು ಆರತಿ ನೋಡಿಕೊಂಡು ಮನೆಗೆ ಬಂದೆ.

ಹೀಗೆ ತಿಂಗಳು ಮೂರು ಕಳೆದು ನಾಲ್ಕನೆಯದು ತುಂಬುವ ಹೊತ್ತಿಗೆ ನ್ಯಾಯಾಲಯ ತೀರ್ಪು ಕೊಟ್ಟಿತು. "ಅಪ್ಪಾ, ನೀನು ಲೆಕ್ಕ ಬಿಡಿಸಲ್ಲ, ಲೆಕ್ಕದ್ ಮೇಲೆ ಇಲಾಖಾ ವಿಚಾರಣೆ ಮಾಡ್ತೀಯ" ಎಂದಳು ಅನಘಾ. ನಮ್ಮ ಬೀದಿಯ ತುದಿಯಲ್ಲೇ ಕೋಚಿಂಗ್ ಕ್ಲಾಸೊಂದಿದೆ. ಅವಳ ಗೆಳತಿಯರೆಲ್ಲ ಅಲ್ಲಿಗೇ ಹೋಗುವುದು. ಸಮಯ, ನನ್ನ ಗ್ರಹಚಾರ ನೋಡಿ, ಆರರಿಂದ ಏಳು. ಸೋಮವಾರದಿಂದ ತಾನೂ ಸೇರುತ್ತೇನೆಂದಳು. ನನ್ನ ಮುಖ ಹುಳ್ಳಗಾದದ್ದನ್ನು ಕಂಡು ಕನಿಕರ ಬಂದಿರಬೇಕು. "ಸರಿ, ಭಾನುವಾರದೊಳ್ಗೆ ಒಂದೇ ಒಂದು ಲೆಕ್ಕ ನೀನೇ ಬಿಡಿಸಿ ತೋರ್ಸು. ಆಗ ಹೋಗಲ್ಲ" ಎಂದು ಷರತ್ತು ಹಾಕಿದಳು. ಒಂದೇ ಒಂದು! ನಾನು ಪುಸ್ತಕವನ್ನೆಲ್ಲ ಜಾಲಾಡಿ, ರೈಲಿಲ್ಲದ, ನದಿಯಿಲ್ಲದ, ಮನುಷ್ಯರು ಮಾತ್ರ ಇರುವ ಲೆಕ್ಕವೊಂದನ್ನು ಆರಿಸಿಕೊಂಡೆ. ಒಂದು ಕೂಟದಲ್ಲಿ ಕೆಲವರು ಕೆಲವರ ಕೈ ಕುಲುಕುತ್ತಾರೆ. ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಯ ಸಲ ಕೈ ಕುಲುಕಿದವರನ್ನು ಎಣಿಸಿದರೆ ಅಂಥವರ ಸಂಖ್ಯೆ ಯಾವಾಗಲೂ ಸಮವೇ ಆಗಿರುತ್ತದೆಂದು ಸಾಧಿಸಿ. ಯಾವಾಗಲೂ! ಎಂಥ ಅಹಂಕಾರದ ಮಾತು!

ಕೂಟಕ್ಕೇನು ಕೊರತೆ? ಕಾಶಿಯಲ್ಲಿ ಚದುರಿಹೋಗಿರುವ ನಾವು ಕೆಲವು ಕನ್ನಡದವರು ತಿಂಗಳಿಗೊಂದು ಭಾನುವಾರ ಹನುಮಾನ್ ಘಾಟಿನ ಛತ್ರವೊಂದರ ಹಜಾರದಲ್ಲಿ ಸೇರುತ್ತೇವೆ. ಅಂದು ನಾವು ಹತ್ತೊಂಬತ್ತು ಮಂದಿ ಇದ್ದೆವು. ಅನಘಾ ಬರುವುದಿಲ್ಲ, 'ಮರೀ, ಕನ್ನಡ ಬರತ್ತಾ?' ಎಂದು ಎಲ್ಲರೂ ಕೇಳುತ್ತಾರೆಂದು ಅವಳಿಗೆ ಜಿಗುಪ್ಸೆ. ನಾನೊಬ್ಬನೇ ಹೋಗಿ, ಎಲ್ಲರೂ ತಮಗೆ ಬೇಕಾದವರ ಕೈ ಕುಲುಕಿ ಆಮೇಲೆ ಎಷ್ಟಾಯಿತೆಂದು ನನಗೆ ಹೇಳಬೇಕೆಂದು ಪ್ರಾರ್ಥಿಸಿದೆ. ಕೈ ಕೊಡುವುದೆಂದರೆ ಮೋಸ ಮಾಡುವುದೆಂದು ತಿಳಿದ ಭಾಷೆಯವರು ನಾವು. ಮೊದಮೊದಲು ಶಂಕೆಯಿಂದಲೇ ಕೈ ಚಾಚಿದರು. ಆಮೇಲೆ ರಂಗೇರಿತು. ಹೆಂಗಸರು ಮುಸಿಮುಸಿ ನಗುತ್ತ ಪರಸ್ಪರ ಕೈ ಹಿಡಿದು ಬಿಡಲೇ ಇಲ್ಲ, ನಿವೃತ್ತ ಅಧಿಕಾರಿಯೊಬ್ಬರು ಚುನಾವಣೆಗೆ ನಿಂತವರಂತೆ ಹಜಾರವನ್ನೆಲ್ಲ ಸುತ್ತಿದರು. ನಾನು ಪಂಚಾಂಗದ ಹಾಳೆಯ ಬೆನ್ನಿಗೆ ನನ್ನದೂ ಸೇರಿದಂತೆ ಹತ್ತೊಂಬತ್ತು ಹೆಸರು, ಹತ್ತೊಂಬತ್ತು ಸಂಖ್ಯೆ ಬರೆದುಕೊಂಡೆ. ಬೆಸ ಬಂದವರನ್ನು ಎಣಿಸಿದೆ. ಏಳು. ಮತ್ತೆ ಎಣಿಸಿದೆ. ಏಳೇ! ಸಮವಲ್ಲ! ಲೆಕ್ಕವನ್ನು ಸಾಧಿಸು ಎಂದರೆ ನಾನು ಸಿದ್ಧಾಂತವನ್ನೇ ಕೆಡವಿ ಹಾಕಿದ್ದೆ.

ಪಂಡಿತರನ್ನು ವಾದದಲ್ಲಿ ಗೆದ್ದ ಗತ್ತಿನಿಂದ ಊಟಕ್ಕೂ ನಿಲ್ಲದೆ ಮನೆಗೆ ಬಂದು ಹಾಳೆಯನ್ನು ಮೇಜಿನ ಮೇಲೆ ಹರಡಿದೆ. ಅನಘಾ ಒಮ್ಮೆ ನೋಡಿದವಳೇ ಚೇಳು ಕುಟುಕಿದಂತೆ ಎದ್ದು ನಿಂತಳು.

"ಆಗಲ್ಲ! ಸಾಧ್ಯಾನೇ ಇಲ್ಲ!"

"ಕಣ್ಣಾರೆ ಕಂಡಿದೀನಿ ಕಣೇ."

"ಒಂದ್ಸಲ ಕೈ ಕುಲುಕಿದ್ರೆ ಇಬ್ರಿಗೂ ಒಂದೊಂದು ಸೇರತ್ತೆ ಅಲ್ವಾ? ಎಲ್ರದೂ ಕೂಡಿದ್ರೆ ಒಟ್ಟು ಎರಡೆರಡಾಗೇ ಬೆಳೀಬೇಕು, ಸಮಸಂಖ್ಯೇನೇ ಬರ್ಬೇಕು. ಏಳು ಜನರದ್ದು ಬೆಸ ಅಂದ್ರೆ ಒಟ್ಟೂ ಬೆಸ ಆಗೋಗತ್ತೆ. ಮತ್ಲಬ್... ಅಂದ್ರೆ, ಅಪ್ಪಾ, ಯಾರೋ ಸುಳ್ಳು ಹೇಳಿದಾರೆ!"

ನೋಡಿ, ಇದೇ ಸಾಧನೆ. ನಾನು ಒಂದು ವಾರ ಮಂಡೆ ಕೆರೆದುಕೊಂಡದ್ದನ್ನು ಅವಳು ಸಿಟ್ಟಿನಲ್ಲಿ ಮೂರು ವಾಕ್ಯಗಳಲ್ಲಿ ಮುಗಿಸಿದ್ದಳು. ಆದರೆ ಸುಳ್ಳುಗಾರ ಯಾರೆಂದು ತಿಳಿಯದೆ ಅವಳಿಗೆ ಅನ್ನ ಇಳಿಯುವಂತಿರಲಿಲ್ಲ. ನನ್ನನ್ನು ದರದರ ಎಳೆದುಕೊಂಡು ಬ್ಯಾಟರಿಯ ಟೋಟೋ ರಿಕ್ಷಾ ಹತ್ತಿಸಿದಳು. ಹತ್ತೊಂಬತ್ತು ಮಂದಿ ಮರ್ಯಾದಸ್ಥರಲ್ಲಿ ಒಬ್ಬರು ಸುಳ್ಳು ಹೇಳಿದ್ದಾರೆಂದು ಮಕ್ಕಳ ಪುಸ್ತಕವೊಂದು ಘೋಷಿಸಿತ್ತು, ಅವರನ್ನು ಹಿಡಿಯಲು ನಾವು ಹನುಮಾನ್ ಘಾಟಿನ ಗಲ್ಲಿಗಳಲ್ಲಿ ಎಮ್ಮೆಗಳನ್ನು ದಾಟಿಕೊಂಡು ಹೊರಟಿದ್ದೆವು.

ಛತ್ರದಲ್ಲಿ ಬಿಸಿಬೇಳೆಬಾತಿನ ಪಂಕ್ತಿ ನಡೆದಿತ್ತು. ಅನಘಾ ಎಲೆಯಿಂದ ಎಲೆಗೆ ನಡೆದು, "ಅಂಕಲ್, ನೀವು ಯಾರ್ಯಾರ ಕೈ ಕುಲುಕಿದ್ರಿ?" ಎಂದು ವಿಚಾರಣೆ ಶುರುಮಾಡಿದಳು. ಮಾತು ತಡವರಿಸಿತು, ನಡುನಡುವೆ 'ಅಚ್ಛಾ', 'ಮತ್ಲಬ್' ನುಸುಳಿದವು, ಆದರೂ ನಿಲ್ಲಲಿಲ್ಲ. ಅಜ್ಜಿಯರು ತುತ್ತು ಕೈಯಲ್ಲೇ ಹಿಡಿದು ನೆನಪಿಸಿಕೊಂಡರು. ನಿವೃತ್ತ ಅಧಿಕಾರಿಗಳು ಆಣೆ ಇಟ್ಟರು. ಕನ್ನಡ ಬರತ್ತಾ ಎಂದು ಕೇಳಲು ಯಾರಿಗೂ ಪುರುಸೊತ್ತೇ ಸಿಗಲಿಲ್ಲ. ಅವಳು ಹಾಳೆಯ ಮೇಲೆ ಹೆಸರಿನಿಂದ ಹೆಸರಿಗೆ ಗೆರೆ ಎಳೆಯುತ್ತ ಹೋದಳು. ಎಲ್ಲವೂ ತಾಳೆಯಾದವು, ಒಂದರ ಹೊರತು. ಗಣಪತಿ ಭಟ್ಟರ ಹೆಸರಿನ ಮುಂದೆ ಒಂದು ಎಂದಿತ್ತು, ಆದರೆ ಅವರ ಕೈ ಕುಲುಕಿದೆನೆಂದು ಒಬ್ಬರೂ ಹೇಳಲಿಲ್ಲ.

ಭಟ್ಟರು ಘಾಟಿನ ಪುರೋಹಿತರು. ನಾಡಿನಿಂದ ಬರುವ ಯಾತ್ರಿಕರಿಗೆ ಪಿತೃಕಾರ್ಯ ಮಾಡಿಸುವವರು. ಅವರು ಹುಟ್ಟಿದ್ದೇ ಕಾಶಿಯಲ್ಲಿ. ಬೆಳಿಗ್ಗೆ ಅವರು ಛತ್ರದ ಮಹಡಿಯ ಮೇಲಿನ ಶ್ರಾದ್ಧಕ್ಕೆಂದು ಒದ್ದೆಪಂಚೆಯಲ್ಲಿ ಮಡಿಯಾಗಿ ಬಂದವರು ನನ್ನ ಕೈಗೆ ಸಿಕ್ಕಿಬಿದ್ದಿದ್ದರು.

"ಯಾರ ಕೈ ಕುಲುಕಿದ್ರಿ ಭಟ್ರೇ?" ಅನಘಾ ಕೇಳಿದಳು.

"ನಂದೇ" ಎಂದರು ಭಟ್ಟರು, ಮಜ್ಜಿಗೆ ಸುರಿದುಕೊಂಡು.

"ಅಂದ್ರೆ?"

"ಅರೇ, ಮಡೀಲಿದ್ದೆ ಮಗಾ, ಯಾರನ್ನ ಮುಟ್ಲಿ? ನಿಮ್ಮಪ್ಪ ಬೇರೆ ಅಷ್ಟು ಕೇಳ್ಕೊಂಡ್ರು. ಹೀಗೆ ಕೈ ಮುಗಿದೆ. ಬಲಗೈಗೆ ಎಡಗೈ ಸಿಕ್ತು. ಒಂದು."

ಅನಘಾ ಕಣ್ಣರಳಿಸಿ ನಿಂತಳು. ಮರುಕ್ಷಣವೇ ಕುಣಿಯುವುದೊಂದು ಬಾಕಿ. "ಎರಡು ಭಟ್ರೇ! ಎರಡೂ ಕೈ ನಿಮ್ದೇ ಅಲ್ವಾ? ಎರಡು ಸೇರ್ಬೇಕು!"

"ಎರಡು ಕೈ ಸೇರಿದ್ರೆ ಒಂದು ನಮಸ್ಕಾರ. ಅದನ್ನ ಎರಡು ಅನ್ನೋದು ಯಾವ ಶಾಸ್ತ್ರದಲ್ಲಿದೆ?"

ಒಂದೇ ಎರಡೇ ಎಂಬ ವಾಗ್ವಾದ ಈ ಊರಿಗೆ ಹೊಸದೇನೂ ಅಲ್ಲ, ಆದರೆ ಬಿಸಿಬೇಳೆಬಾತಿನ ಪಂಕ್ತಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪೂರ್ವಪಕ್ಷವನ್ನು ಖಂಡಿಸಿದ್ದು ಬಹುಶಃ ಮೊದಲು. ಹಜಾರ ಒಂದರ ಪಕ್ಷ, ಎರಡರ ಪಕ್ಷವೆಂದು ಸೀಳಿಹೋಯಿತು. ಒಬ್ಬರು ಚಪ್ಪಾಳೆಯ ದೃಷ್ಟಾಂತ ತಂದರು, ಇನ್ನೊಬ್ಬರು ಜೋಡಿ ಚಪ್ಪಲಿಯದು. ಅರ್ಧ ಗಂಟೆ ಅನಘಾ ಕನ್ನಡದಲ್ಲಿ ಕೂಗಿದಳು, ಕನ್ನಡದಲ್ಲಿ ರೇಗಿದಳು, ಪದ ಸಿಗದಾಗ ಕೈಯಲ್ಲಿ ತೋರಿಸಿ, ಅಜ್ಜಿಯೊಬ್ಬರು ಪದ ಕೊಟ್ಟರೆ ಕಸಿದುಕೊಂಡು ಮುಂದುವರಿದಳು. ಕಡೆಗೆ, ಇದನ್ನು ಕೈಕುಲುಕು ಎನ್ನುವುದಾದರೆ ಎರಡು, ಅಲ್ಲವೆನ್ನುವುದಾದರೆ ಸೊನ್ನೆ, ಒಂದು ಮಾತ್ರ ಯಾವ ಕಾರಣಕ್ಕೂ ಅಲ್ಲ ಎಂಬ ರಾಜಿಸೂತ್ರ ಮಂಡಿಸಿದಳು. "ಹಾಗಾದ್ರೆ ಸೊನ್ನೇನೇ ಇರ್ಲಿ, ಮಡಿಗೂ ಅದೇ ಕ್ಷೇಮ" ಎಂದು ಭಟ್ಟರು ಕೈತೊಳೆಯಲು ಎದ್ದರು. ಬೆಸದವರು ಏಳರಿಂದ ಆರಾದರು. ಸಿದ್ಧಾಂತ ಮತ್ತೆ ಎದ್ದು ನಿಂತಿತು. ನಾನೂ ಪಂಕ್ತಿಯ ತುದಿಯಲ್ಲಿ ಕೂತು, ಅನವಶ್ಯಕವಾಗಿ ಇನ್ನೊಂದು ಸೌಟು ಬಾತು ಹಾಕಿಸಿಕೊಂಡೆ.

ಹಿಂದಿರುಗುವಾಗ ಟೋಟೋದಲ್ಲಿ ನಾನೇ ಮಾತು ತೆಗೆದೆ. ಲೆಕ್ಕ ಬಿಡಿಸಿದ್ದು ಅವಳು, ನಾನಲ್ಲ, ಮಾತೆಂದರೆ ಮಾತು, ನಾಳೆಯಿಂದ ಅವಳು ಕೋಚಿಂಗ್‌ಗೆ ಹೋಗಲಿ. ಅವಳು ಗಲ್ಲಿಯ ಕಡೆ ನೋಡುತ್ತ, ಗೆರೆ ಎಳೆದ ಹಾಳೆಯನ್ನು ಮಡಿಚಿ ಬಿಚ್ಚಿ ಮಾಡಿದಳು.

"ಅಲ್ಲಿ ಸರ್ ಎಲ್ಲಾನೂ ಸರಿಯಾಗೇ ಮಾಡ್ತಾರಂತೆ" ಎಂದಳು ಕೊನೆಗೆ. "ಮತ್ತೆ ನಂಗೇನು ಕೆಲ್ಸ ಅಲ್ಲಿ? ಅಪ್ಪಾ, ನೀನು ಬಿಡಿಸೋದೇನೂ ಬೇಡ. ನೀನು ತಪ್ಪು ಮಾಡು. ನಾನು ಹುಡುಕ್ತೀನಿ."

ಜೀವಮಾನವೆಲ್ಲ ತಪ್ಪು ಮಾಡಿದ್ದೇನೆ, ಆದರೆ ಅದಕ್ಕೆಂದೇ ಯಾರೂ ನನ್ನನ್ನು ನೇಮಿಸಿಕೊಂಡಿರಲಿಲ್ಲ. ಸೋಮವಾರ ಆರಕ್ಕೆ ಐದು ನಿಮಿಷ ಮುಂಚೆಯೇ ಮೇಜಿನ ಮುಂದೆ ಹಾಜರಾದೆ. ಚದುರಂಗದ ಹಾಸಿನಲ್ಲಿ ಚಿಕ್ಕವು ದೊಡ್ಡವು ಎಲ್ಲ ಸೇರಿ ಒಟ್ಟು ಎಷ್ಟು ಚೌಕಗಳು? ಅನಘಾ ಒಳಗೆ ನೀರು ಕುಡಿಯಲು ಹೋಗಿದ್ದಳು. ನಾನು ನನ್ನ ಮಗ್ಗಿ ಹಿಡಿದೆ. ಎಂಟೆಂಟ್ಲ ಅರವತ್ನಾಲ್ಕು ಚಿಕ್ಕವು, ಅದಕ್ಕಿಂತ ದೊಡ್ಡವು ಏಳೇಳ್ಲ ನಲವತ್ತೊಂಬತ್ತು, ಆಮೇಲೆ ಆರಾರ್ಲ ಮೂವತ್ತಾರು... ಇಳಿಯುತ್ತ ಇಳಿಯುತ್ತ ಒಂದಕ್ಕೆ ಬಂದು ಕೂಡಿದರೆ ಇನ್ನೂರ ನಾಲ್ಕು. ಪುಸ್ತಕದ ಬೆನ್ನಿನಲ್ಲಿ ನೋಡಿದೆ. ಇನ್ನೂರ ನಾಲ್ಕು! ಯಾರ ಸಹಾಯವೂ ಇಲ್ಲದೆ, ಒಂದೇ ಏಟಿಗೆ! ಅಡುಗೆಮನೆಯವರೆಗೆ ಕೇಳುವಂತೆ ಕೂಗಬೇಕೆಂದು ಬಾಯಿ ತೆರೆದೆ.

ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ರಬ್ಬರು ತೆಗೆದುಕೊಂಡು ಎಲ್ಲವನ್ನೂ ಅಳಿಸಿ, ಪುಡಿಯನ್ನು ಊದಿ, ದಪ್ಪ ಅಕ್ಷರದಲ್ಲಿ ಅರವತ್ನಾಲ್ಕು ಎಂದಷ್ಟೇ ಬರೆದೆ. ಅವಳು ಬಂದು ನೋಡಿದಳು.

"ಅಯ್ಯೋ ಅಪ್ಪಾ! ದೊಡ್ಡ ಚೌಕಗಳನ್ನ ಬಿಟ್ಬಿಟ್ಯಲ್ಲೋ! ಇಲ್ನೋಡು, ಮೊದ್ಲಿಂದ ಹೇಳ್ತೀನಿ" ಎಂದು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಹೌದಲ್ಲೇ," ಎಂದೆ, "ನಂಗೆ ಹೊಳೀಲೇ ಇಲ್ಲ ನೋಡು."