ಕೊಳದ ಪುಸ್ತಕ ತಲೆಕೆಳಗಾದ ದಿನ

ನಮ್ಮ ಅತ್ತೆಯ ಕೈದಾಟಿ ಹೋದಷ್ಟು ಮಕ್ಕಳ ಚಿತ್ರಪುಸ್ತಕಗಳು ಯಾವ ಮೇಷ್ಟರ ಕೈಗೂ ಬಂದಿರಲಾರವು. ಆದರೆ ಅವುಗಳಲ್ಲಿ ಒಂದನ್ನೂ ಅವಳು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿರಲಿಲ್ಲ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ, ಒಬ್ಬಳೇ ಇದ್ದಾಳೆ. ಪ್ರೆಸ್ಸೊಂದರಲ್ಲಿ ಅಚ್ಚಾದ ಹಾಳೆಗಳನ್ನು ಮಡಿಸುವುದು, ಜೋಡಿಸುವುದು, ಹೊಲಿಯುವುದು ಅವಳ ಕೆಲಸ. ಹಾಳೆ ಅವಳ ಮೇಜಿಗೆ ಬರುವಾಗ ಕಥೆಯ ಕೊನೆ ಎಡಕ್ಕಿರುತ್ತದೆ, ಶುರು ಬಲಕ್ಕಿರುತ್ತದೆ, ನಡುವಿನದೆಲ್ಲ ಹಿಂಬದಿಯಲ್ಲಿರುತ್ತದೆ. ಹೊಲಿದು ಪುಸ್ತಕವಾದ ಕೂಡಲೇ ಕಟ್ಟು ಕಟ್ಟಿ ಗಾಡಿಗೆ ಹಾಕಿಬಿಡುತ್ತಾರೆ. ಹಾಗಾಗಿ ನಾನು ಚಿಕ್ಕವಳಿದ್ದಾಗ ಅವಳು ಹೇಳುತ್ತಿದ್ದ ಕಥೆಗಳಿಗೆ ತಲೆಬುಡ ಇರುತ್ತಿರಲಿಲ್ಲ. ಮರಿ ಮೊದಲು ಅಮ್ಮನನ್ನು ಸೇರಿಬಿಡುತ್ತಿತ್ತು, ಆಮೇಲೆ ಕಳೆದುಹೋಗುತ್ತಿತ್ತು. ನಾನು ಅತ್ತರೆ, ಸೇರುತ್ತದೆ ಅಂತ ಮೊದಲೇ ಹೇಳಿದ್ದೀನಲ್ಲ, ಮತ್ಯಾಕೆ ಅಳು ಎಂದು ಗದರುತ್ತಿದ್ದಳು.

ಅವಳ ಮೇಜಿನ ಆಚೆ ಬದಿಗೆ ಅಚ್ಚಿನ ಮೆಷಿನ್. ಅದನ್ನು ಓಡಿಸುವವರು ಮಾತು ಕಡಿಮೆಯ ಮನುಷ್ಯ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಅತ್ತೆ ಅವರನ್ನು ‘ಮೆಷಿನ್ನೋರೇ’ ಎನ್ನುತ್ತಿದ್ದಳು, ಅವರು ಅತ್ತೆಯನ್ನು ‘ಬೈಂಡಿಂಗ್‌ನೋರೇ’ ಎನ್ನುತ್ತಿದ್ದರು. ಇಬ್ಬರ ನಡುವೆ ಅದಕ್ಕಿಂತ ಉದ್ದದ ಮಾತು ನಡೆದದ್ದನ್ನು ನಾನು ಕೇಳಿಲ್ಲ. ಶಾಲೆ ಬಿಟ್ಟಮೇಲೆ ಪ್ರೆಸ್ಸಿಗೆ ಓಡಿ ಬರುತ್ತಿದ್ದ ನಾನು ಮಾತ್ರ ಅವರನ್ನು ‘ಮಾಮ’ ಎಂದು ಕೂಗುತ್ತಿದ್ದೆ. ಅತ್ತೆಯ ಎದುರಿಗೆ ಕೂರುವವರು ಮಾಮನಲ್ಲದೆ ಇನ್ನೇನು? ಹಾಗೆ ಕರೆದಾಗಲೆಲ್ಲ ಅತ್ತೆ ನನ್ನ ತೊಡೆ ಜಿಗುಟುತ್ತಿದ್ದಳು. ಯಾಕೆಂದು ಆಗ ನನಗೆ ಗೊತ್ತಾಗುತ್ತಿರಲಿಲ್ಲ.

ಪ್ರೆಸ್ಸಿನ ಹಿಂದೆ ಒಂದು ಹಳೆಯ ಹಳ್ಳ. ಹಿಂದೆ ಯಾರೋ ಕಲ್ಲು ತೆಗೆದು ಹಾಗೇ ಬಿಟ್ಟದ್ದು, ನೀರು ನಿಂತು ಕೊಳವಾಗಿದೆ. ಅತ್ತೆ ಕಿಟಕಿಯ ಪಕ್ಕ ಕೂತು ಬುತ್ತಿ ತಿನ್ನುತ್ತಾ ಅದನ್ನೇ ನೋಡುತ್ತಿದ್ದಳು. ಬೆಳ್ಳಕ್ಕಿ ಬರುತ್ತಿತ್ತು, ಎಮ್ಮೆ ಬರುತ್ತಿತ್ತು, ಎದುರು ರಸ್ತೆಯ ಹುಡುಗಿ ಬಂದು ಬಗ್ಗಿ ಜಡೆ ಸರಿಮಾಡಿಕೊಂಡು ಹೋಗುತ್ತಿದ್ದಳು. ನೋಡಿ ನೋಡಿ ಅತ್ತೆಗೆ ಒಂದು ವಿಷಯ ಹೊಳೆಯಿತು. ಎಲ್ಲರೂ ಕೊಳದ ಹತ್ತಿರ ಬರುತ್ತಾರೆ, ತಮ್ಮ ತಮ್ಮ ಮುಖ ನೋಡಿಕೊಂಡು ಹೋಗುತ್ತಾರೆ, ಕೊಳವನ್ನು ನೋಡುವವರು ಯಾರೂ ಇಲ್ಲ. ಮಿಂಚುಳ್ಳಿಯೊಂದೇ ಬೇರೆ. ಅದು ನೀರಿನ ಮೇಲೆ ಕಾಣುವ ತನ್ನನ್ನು ನೋಡುವುದಿಲ್ಲ, ನೀರಿನೊಳಗೆ ನೋಡುತ್ತದೆ. ಕೊನೆಗೆ ಒಳಕ್ಕೇ ಧುಮುಕುತ್ತದೆ.

ಅಷ್ಟೇ ಕಥೆ. ನನಗೆ ಹೇಳಿದಾಗ ನಾನು ಕೂತಲ್ಲಿಂದ ಎದ್ದುಬಿಟ್ಟೆ. ಅಷ್ಟು ಹೊತ್ತಿಗೆ ನಾನು ದೊಡ್ಡವಳಾಗಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದೆ, ಚಿತ್ರಪುಸ್ತಕ ಎಂದರೆ ನನಗೆ ಹಸಿವು ನಿದ್ದೆ ಬೇಡ. ಇದನ್ನು ಪುಸ್ತಕ ಮಾಡು ಎಂದು ಗಂಟುಬಿದ್ದೆ. ನನಗೆ ಚಿತ್ರ ಬರೆಯಲು ಬರುವುದಿಲ್ಲವಲ್ಲ ಎಂದಳು. ಕತ್ತರಿ ಹಿಡಿಯಲು ಬರುತ್ತದಲ್ಲ ಎಂದೆ. ಆ ಮಾತು ನಾಟಿತು. ಕಪ್ಪು ಕಾಗದದಲ್ಲಿ ಎಮ್ಮೆ ಕತ್ತರಿಸಿದಳು, ಬೆಳ್ಳಕ್ಕಿ ಕತ್ತರಿಸಿದಳು. ಎಮ್ಮೆಯ ಹೊಟ್ಟೆ ನೋಡಿದರೆ ಸಾಕು, ಅದು ಈಗಷ್ಟೇ ನೀರು ಕುಡಿದಿದೆ ಎಂದು ತಿಳಿಯುವಂತಿತ್ತು. ಒಂದು ಪುಟದಲ್ಲಿ ದಡಕ್ಕೆ ಬಂದವರ ಮಾತು, ಪುಟ ತಿರುಗಿಸಿದರೆ ಕೊಳದ ಮಾತು, ಹೀಗೆ ಒಂದು ಬಿಟ್ಟು ಒಂದು ಬರೆದಳು. ಕಟ್ಟಕಡೆಯ ಪುಟದಲ್ಲಿ ಮಾತ್ರ ಒದ್ದೆ ರೆಕ್ಕೆಯ ಮಿಂಚುಳ್ಳಿಯೊಂದನ್ನೇ ಇಟ್ಟು ಮಾತು ಬರೆಯಲಿಲ್ಲ. ಅಲ್ಲಿ ಏನು ಹೇಳಬೇಕೋ ಓದುವ ಮಗುವೇ ಹೇಳಲಿ ಎಂದಳು.

ಅಚ್ಚು ಹಾಕಿಸುವುದು ಇವತ್ತು ನಾಳೆ ಎಂದು ಮುಂದೂಡುತ್ತಾ ಕೂತಿದ್ದಳು. ಅಷ್ಟರಲ್ಲಿ ಪ್ರೆಸ್ಸಿನ ಯಜಮಾನರು ಹಳೆಯ ಮೆಷಿನ್ನನ್ನು ಮಾರಿಬಿಟ್ಟರು. ಇನ್ನು ಮುಂದೆ ಅಚ್ಚಿನ ಕೆಲಸ ಹೊರಗೆ, ಬೈಂಡಿಂಗ್ ಮಾತ್ರ ಇಲ್ಲಿ. ಮೆಷಿನ್ ಬಿಚ್ಚಿಕೊಂಡು ಹೋಗುವ ದಿನ ಗೊತ್ತಾಯಿತು. ಅದರ ಜೊತೆಗೇ ಮಾಮನ ಕೆಲಸವೂ ಮುಗಿಯುತ್ತದೆ ಎಂಬುದೂ ಗೊತ್ತಾಯಿತು. ಅತ್ತೆ ಅವತ್ತು ಸಂಜೆಯೇ ಯಜಮಾನರ ಮುಂದೆ ನಿಂತಳು. ಯಾವತ್ತೂ ಏನನ್ನೂ ಕೇಳದವಳು ಕೇಳಿದಳಲ್ಲ, ಅವರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಉಳಿದ ಕಾಗದ ತೆಗೆದುಕೋ, ಡಬ್ಬದಲ್ಲಿ ಹಸಿರು ಇಂಕು ಉಳಿದಿದೆ, ಆದರೆ ಮೆಷಿನ್ ಹೋಗುವುದರೊಳಗೆ ಮುಗಿಸಿಕೊಳ್ಳಬೇಕು ಎಂದರು.

ಆಮೇಲೆ ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಅತ್ತೆ ಕತ್ತರಿಸಿದ್ದನ್ನೆಲ್ಲ ಎದೆಗವಚಿಕೊಂಡು ಅಚ್ಚಿನ ಪ್ಲೇಟ್ ಮಾಡಿಸಲು ಓಡಿದೆ. ದಾರಿಯಲ್ಲಿ ಗಾಳಿ ಬೀಸಿ ಕಾಗದದ ಎಮ್ಮೆ ಹಾರಿಹೋಯಿತು, ಹಣ್ಣಿನ ಅಂಗಡಿಯವನು ಅದನ್ನು ಹಿಡಿದುಕೊಟ್ಟ. ಮಾಮ ಹಾಳೆಯ ಒಂದು ಬದಿ ಅಚ್ಚು ಹಾಕಿ ಒಣಗಲು ಬಿಟ್ಟರು. ಮರುದಿನ ಬೆಳಿಗ್ಗೆ ಇನ್ನೊಂದು ಬದಿ. ಅದೇ ಮೆಷಿನ್ನಿನ ಕೊನೆಯ ದಿನ. ನಾನು ರಜೆ ಹಾಕಿ ಹೋದೆ. ನಾಡಿದ್ದು ಅತ್ತೆಯ ಪುಸ್ತಕ ತರುತ್ತೇನೆ ಎಂದು ತರಗತಿಯ ಮಕ್ಕಳಿಗೆಲ್ಲ ಡಂಗುರ ಹೊಡೆದು ಬಂದಿದ್ದೆ.

ಮೆಷಿನ್ ಶುರುವಾದಾಗ ನೆಲ ನಡುಗಿತು. ಅದರ ಸದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಆದರೆ ಅವತ್ತು ಮೈ ಜುಮ್ಮೆಂದಿತು. ಮೊದಲ ಹಾಳೆ ಹೊರಬಿತ್ತು. ಪದ್ಧತಿಯಂತೆ ಮಾಮ ಅದನ್ನು ಅತ್ತೆಯ ಕಡೆ ಚಾಚಿದರು. ಬೇರೆ ದಿನವಾಗಿದ್ದರೆ ಅವಳು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ಸರಿಯಾಗಿ ಕೂತಿದೆಯೇ ನೋಡುತ್ತಿದ್ದಳು. ಅವತ್ತು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಮುಖ ತಿರುಗಿಸಿದಳು.

“ನಾನೀಗ ನೋಡಲ್ಲ ಮೆಷಿನ್ನೋರೇ. ಜೀವಮಾನವೆಲ್ಲ ಪುಸ್ತಕಾನ ತುಂಡು ತುಂಡಾಗೇ ನೋಡಿದ್ದಾಯ್ತು. ಇದೊಂದನ್ನ ಮಕ್ಕಳು ನೋಡೋ ಹಾಗೆ ಮೊದಲಿಂದ ನೋಡ್ತೀನಿ.”

ಮಾಮ ಇಂಕು ಗಾಢವಾಗಿ ಬಂದಿದೆಯೇ ಎಂದಷ್ಟೇ ನೋಡಿ, ತಲೆಯಾಡಿಸಿ, ಉಳಿದದ್ದನ್ನೂ ಓಡಿಸಿದರು.

ಮಡಿಸುವಾಗಲೂ ಅಷ್ಟೇ. ಅತ್ತೆ ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು. ಮೂಲೆಗೆ ಮೂಲೆ ಕೂಡಿಸಿ ಮಡಿಸುವುದಕ್ಕೆ ಅವಳಿಗೆ ಕಣ್ಣು ಬೇಕಾಗಿಯೇ ಇಲ್ಲ, ಬೆರಳು ಸಾಕು. ದೊಡ್ಡ ಪುಟದ ಪುಸ್ತಕವಾದ್ದರಿಂದ ಒಂದೊಂದು ಹಾಳೆಗೂ ಒಂದೇ ಮಡಿಕೆ. ದೂರದಲ್ಲಿ ಕೂರಿಸಿ ನನಗೆ ಹೊಲಿಗೆಯ ದಾರಕ್ಕೆ ಮೇಣ ಹಚ್ಚುವ ಕೆಲಸ ಕೊಟ್ಟಿದ್ದಳು, ಹತ್ತಿರ ಬಂದರೆ ಇಣುಕುತ್ತೀಯ ಎಂದು. ಇಣುಕಬೇಕೆಂಬ ಆಸೆಯಿಂದ ನನ್ನ ಕತ್ತು ನೋಯುತ್ತಿತ್ತು. ಹೊಲಿಗೆ ಮುಗಿಯಿತು, ರಟ್ಟು ಅಂಟಿತು, ಭಾರ ಹೇರಿದ್ದಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪುಸ್ತಕಗಳ ಸಾಲು ಮೇಜಿನ ಮೇಲೆ ಎದ್ದು ನಿಂತಿತು. ಮಾಮ ಕೈ ತೊಳೆದು, ಅಂಗಿಯ ತೋಳು ಇಳಿಸಿಕೊಂಡು, ಎದುರಿನ ಸ್ಟೂಲಿನ ಮೇಲೆ ಬಂದು ಕೂತರು. ಅತ್ತೆ ಕನ್ನಡಕ ಹಾಕಿಕೊಂಡಳು.

ಮೊದಲ ಪುಟ ಚೆನ್ನಾಗಿತ್ತು. ಹೆಸರು, ಕೆಳಗೆ ಒಂದು ಕೊಳ. ಪುಟ ತಿರುಗಿಸಿದಳು. ಕೊಳ ತಲೆಕೆಳಗಾಗಿತ್ತು.

ನನಗೆ ಮೊದಲು ನಗು ಬಂತು. ಅತ್ತೆಯ ಮುಖ ನೋಡಿ ನಗು ಗಂಟಲಲ್ಲೇ ಉಳಿಯಿತು. ಮತ್ತೆ ತಿರುಗಿಸಿದಳು, ಬೆಳ್ಳಕ್ಕಿ ನೆಟ್ಟಗೆ ನಿಂತಿತ್ತು. ಮತ್ತೆ ತಿರುಗಿಸಿದಳು, ಕೊಳ ತಲೆಕೆಳಗು. ಒಂದು ನೆಟ್ಟಗೆ, ಒಂದು ಬುಡಮೇಲು, ಕೊನೆಯವರೆಗೂ ಹಾಗೇ. ಇನ್ನೊಂದು ಪ್ರತಿ ತೆಗೆದಳು, ಮತ್ತೊಂದು ತೆಗೆದಳು. ಎಲ್ಲವೂ ಒಂದೇ ತರ.

ಮಾಮನಿಗೆ ತಕ್ಷಣ ಗೊತ್ತಾಯಿತು. ಒಂದು ಬದಿ ಅಚ್ಚಾದ ಹಾಳೆಗಳನ್ನು ಪುಸ್ತಕಕ್ಕಾದರೆ ಪಕ್ಕಕ್ಕೆ ಮಗುಚಬೇಕು. ಗೋಡೆಯ ಕ್ಯಾಲೆಂಡರಿಗಾದರೆ ಕೆಳಗಿನಿಂದ ಮೇಲಕ್ಕೆ ಮಗುಚಬೇಕು, ಯಾಕೆಂದರೆ ಅದರ ಹಾಳೆಯನ್ನು ನಾವು ಮೇಲಕ್ಕೆತ್ತಿ ಹಿಂಬದಿ ನೋಡುತ್ತೇವೆ. ಆ ತಿಂಗಳೆಲ್ಲ ಅವರು ಕ್ಯಾಲೆಂಡರನ್ನೇ ಅಚ್ಚು ಹಾಕಿದ್ದರು. ಬೆಳಿಗ್ಗೆ ಅವರ ಕೈ ತನ್ನಷ್ಟಕ್ಕೆ ತಾನೇ ಮೇಲಕ್ಕೆ ಮಗುಚಿತ್ತು. ಅತ್ತೆ ಎಂದಿನಂತೆ ಒಂದು ಸಲ ಬೆಳಕಿಗೆ ಹಿಡಿದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಇಬ್ಬರೂ ಕೂಡಿ ಮಾಡಿದ ತಪ್ಪು.

ಈಗ ಸರಿಮಾಡುವ ದಾರಿಯೇ ಇಲ್ಲ. ಕಾಗದ ಮುಗಿದಿದೆ, ಇಂಕಿನ ಡಬ್ಬ ಖಾಲಿ, ಆಚೆ ಬದಿಯಲ್ಲಿ ಇಬ್ಬರು ಆಳುಗಳು ಬಂದು ಮೆಷಿನ್ನಿನ ಬೋಲ್ಟು ಸಡಿಲಿಸಲು ಶುರುಮಾಡಿಯಾಗಿದೆ. ಅತ್ತೆ ಮಾಮನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ಒಂದು ಆಸೆ ಪಟ್ಟೆ, ಅದೂ ಆಗಲಿಲ್ಲ ಎಂದು ಯಾರಿಗೋ ಎಂಬಂತೆ ಹೇಳಿ ಪುಸ್ತಕವನ್ನು ಮೇಜಿನ ಮೇಲೆ ತಳ್ಳಿದಳು. ನನಗೆ ಅಳು ಉಕ್ಕಿ ಬಂತು. ನಾಳೆ ಮಕ್ಕಳಿಗೆ ಏನು ಹೇಳಲಿ ಎಂಬುದಕ್ಕಲ್ಲ, ಅವಳಿಗೆ ಏನು ಹೇಳಲಿ ಎಂದು.

ಪುಸ್ತಕ ಜಾರಿಕೊಂಡು ಹೋಗಿ ಮಾಮನ ಮುಂದೆ ನಿಂತಿತು. ಅತ್ತೆ ತೆರೆದಿಟ್ಟಿದ್ದ ಕೊಳದ ಮೊದಲ ಪುಟವೇ ತೆರೆದಿತ್ತು. ಮಾಮ ಅದನ್ನು ಮುಟ್ಟದೆ, ಬಗ್ಗಿ ನೋಡಿದರು. ಅವರು ಕೂತ ಕಡೆಯಿಂದ ಕೊಳ ನೆಟ್ಟಗಿತ್ತು. ಗಂಟಲು ಸರಿಮಾಡಿಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸುವವರಂತೆ ನಿಧಾನವಾಗಿ ಓದಿದರು.

“ನನ್ನ ಹತ್ತಿರ ಎಲ್ಲರೂ ಬರುತ್ತಾರೆ. ನನ್ನನ್ನು ಯಾರೂ ನೋಡುವುದಿಲ್ಲ.”

ಆಮೇಲೆ ಪುಟ ತಿರುಗಿಸಿದರು. ಬೆಳ್ಳಕ್ಕಿ ಈಗ ಅವರಿಗೆ ತಲೆಕೆಳಗು, ಅತ್ತೆಗೆ ನೆಟ್ಟಗೆ. ಮಾಮ ಓದದೆ ಸುಮ್ಮನೆ ಕಾದರು. ಅತ್ತೆ ಬೇಕೆಂದು ಓದಲಿಲ್ಲ. ಎದುರಿಗೆ ಬಂತು, ಬಾಯಿ ಓದಿತು. ಬೆಳ್ಳಕ್ಕಿ ಬಂದು ಬಗ್ಗಿ ನೋಡಿ, ನನ್ನ ಕೊಕ್ಕು ಎಷ್ಟು ಚೆಂದ ಎಂದು ಹೇಳಿ ಹಾರಿಹೋಯಿತು. ಪುಟ ತಿರುಗಿತು. ಮಾಮನ ಸರದಿ. ನಾನೂ ಇಲ್ಲೇ ಇದ್ದೇನೆ ಎಂದಿತು ಕೊಳ.

ನಾನು ಕಣ್ಣೊರೆಸಿಕೊಳ್ಳುವುದನ್ನು ಮರೆತೆ. ಎಮ್ಮೆ ಬಂತು, ಅತ್ತೆಯ ದನಿ ದಪ್ಪವಾಯಿತು. ಕೊಳ ಗೊಣಗಿತು, ಮಾಮನ ದನಿ ಸಣ್ಣದಾಯಿತು. ಜಡೆಯ ಹುಡುಗಿ ಬಂದಾಗ ಅತ್ತೆ ತಲೆ ಒಲೆದು ಓದಿದಳು. ಅವಳು ಓದುವಾಗ ಅವರು ಕಾಯಬೇಕು, ಅವರು ಓದುವಾಗ ಅವಳು ಕಾಯಬೇಕು. ಯಾರಿಗೂ ಒಬ್ಬರೇ ಮುಂದೆ ಹೋಗಲು ಆಗುವುದಿಲ್ಲ. ನನ್ನ ತರಗತಿಯ ಮೂಲೆಯಲ್ಲಿ ಒಬ್ಬಳೇ ಕೂತು ಪುಸ್ತಕ ನೋಡುವ ಪುಟ್ಟಿಯೊಬ್ಬಳಿದ್ದಾಳೆ. ನಾಳೆ ಅವಳ ಎದುರಿಗೆ ಯಾರಾದರೂ ಕೂರಲೇಬೇಕಾಗುತ್ತದೆ ಎಂದು ನೆನೆದು ನನಗೆ ಕುಣಿಯುವಂತಾಯಿತು. ಬೋಲ್ಟು ಬಿಚ್ಚುತ್ತಿದ್ದ ಆಳುಗಳೂ ಸ್ಪ್ಯಾನರ್ ಹಿಡಿದುಕೊಂಡೇ ಬಂದು ನಿಂತಿದ್ದರು.

ಮಿಂಚುಳ್ಳಿ ಬಂದಾಗ ಅತ್ತೆ ಮೈಮರೆತಿದ್ದಳು. ಅದು ನೀರಿನೊಳಕ್ಕೆ ನೋಡಿತು, ಧುಮುಕಿತು. ಅದು ಮೀನು ತಿನ್ನಲು ಬಂದದ್ದು ಕಣ್ರೀ ಎಂದು ಆಳುಗಳಲ್ಲೊಬ್ಬ ಹೇಳಿದ. ತಿನ್ನಲಿ ಬಿಡು, ಬಂತಲ್ಲ ಎಂದು ಮಾಮ ಅವನ ಬಾಯಿ ಮುಚ್ಚಿಸಿದರು. ಪುಟ ತಿರುಗಿಸಿದರು. ಕೊಳದ ಕೊನೆಯ ಮಾತು.

“ನೀನು ನನ್ನ ಒಳಗೆ ಬಂದೆ. ನಾಳೆಯೂ ಬರುತ್ತೀಯಾ?”

ಓದಿ ಮುಗಿಸಿದ ಮಾಮ ಪುಸ್ತಕದಿಂದ ಕಣ್ಣೆತ್ತಿದರು. ಅವರ ಹಿಂದೆ ಮೆಷಿನ್ನಿನ ಅರ್ಧ ಆಗಲೇ ನೆಲದ ಮೇಲಿತ್ತು. ಅತ್ತೆ ಕೊನೆಯ ಪುಟ ತಿರುಗಿಸಿದಳು. ಒದ್ದೆ ರೆಕ್ಕೆಯ ಮಿಂಚುಳ್ಳಿ, ಅವಳ ಕಡೆಗೇ ನೆಟ್ಟಗೆ. ಓದಲು ಅಲ್ಲಿ ಒಂದಕ್ಷರವೂ ಇರಲಿಲ್ಲ. ಅವಳು ಆ ಪುಟವನ್ನೇ ನೋಡುತ್ತಾ ಕೂತಳು.

“ನಾನೆಲ್ಲಿಗೆ ಹೋಗ್ತೀನಿ ಮೆಷಿನ್ನೋರೇ, ಇಲ್ಲೇ ಇರ್ತೀನಲ್ಲ. ಬರಬೇಕಾದೋರು ನೀವು,” ಎಂದಳು. ಆಮೇಲೆ ಮೇಜಿನ ಮೇಲಿನ ಸಾಲನ್ನು ತೋರಿಸಿದಳು. “ಇಷ್ಟನ್ನೂ ಓದಿ ನೋಡ್ಬೇಕು. ಇದನ್ನ ನಾನೊಬ್ಬಳೇ ಓದೋಕಾಗಲ್ಲ.”

ಮಾಮ ಸ್ವಲ್ಪ ಹೊತ್ತು ತಮ್ಮ ಅಂಗೈಯ ಹಸಿರು ಇಂಕಿನ ಕಲೆಯನ್ನು ಉಜ್ಜಿದರು.

“ಎಷ್ಟು ಹೊತ್ತಿಗೆ ಬರ್ಲಿ?” ಎಂದರು.