ಅವ್ವನ ಮಾತು ಜಪಾನಿಯಾದಾಗ

ಘಾಟಿ ರಸ್ತೆಯ ತುದಿಯಲ್ಲಿರುವ ದಿಂಬಂನ ಟೀ ಅಂಗಡಿ ಮುಂದೆ ಕಾರಿನಿಂದ ಇಳಿದ ಜಪಾನಿ ಹೆಂಗಸೊಬ್ಬರು ವಾಂತಿ ಮಾಡಿಕೊಂಡು ಅಲ್ಲೇ ಕುಸಿದು ಕೂತರು. ರೇಷ್ಮೆ ಬೆಳೆ ನೋಡಲು ತಾಳವಾಡಿಗೆ ಹೊರಟಿದ್ದ ಅವರ ಗಂಡ ಏನು ಮಾಡಲೂ ತೋಚದೆ ನಿಂತಿದ್ದರು. ನನ್ನ ಜೊತೆ ಆಗಷ್ಟೇ ಬಸ್ಸಿಳಿದಿದ್ದ ಅವ್ವ ಓಡಿಹೋಗಿ ಆಕೆಯ ಹಣೆ ಹಿಡಿದುಕೊಂಡಳು.

"ಎದ್ರುಕೋಬ್ಯಾಡ ಕಣವ್ವ. ಗಾಟಿ ಮುಗೀತು, ಇನ್ನು ತಿರುವಿಲ್ಲ" ಎಂದವಳು ನನ್ನತ್ತ ತಿರುಗಿ, "ನೀ ಓದ್ತಿರದು ಇವರ ಮಾತೇ ಅಲ್ವಾ? ನಾ ಅಂದಂಗೇ ಅನ್ನು" ಎಂದಳು.

ಎಂಬತ್ತರ ದಶಕದ ಮಾತಿದು. ವಿಶ್ವವಿದ್ಯಾಲಯದಲ್ಲಿ ನನಗದು ಜಪಾನಿ ಕಲಿಕೆಯ ಎರಡನೇ ವರ್ಷ. ಪ್ರಬಂಧ ಹೇಗೋ ಬರೆಯುತ್ತಿದ್ದೆ. ಸಂಭಾಷಣೆಯ ತರಗತಿಯಲ್ಲಿ ಮಾತ್ರ ಇಂಗ್ಲಿಷಿನಲ್ಲಿ ಯೋಚಿಸಿ, ವಾಕ್ಯವನ್ನು ತಿರುಗಿಸುವಷ್ಟರಲ್ಲಿ ಬಾಯಿ ಕಟ್ಟಿಹೋಗುತ್ತಿತ್ತು. ಆ ರಜೆಯಲ್ಲಿ ಓದು ಬಿಟ್ಟುಬಿಡುವುದೆಂದೇ ತೀರ್ಮಾನಿಸಿದ್ದೆ.

ಈಗ ಯೋಚಿಸಲು ಪುರುಸೊತ್ತಿರಲಿಲ್ಲ. ಅವ್ವನ ಮಾತನ್ನು ಅವಳು ಆಡಿದ ಸಾಲಿನಲ್ಲೇ ಪದ ಪದವಾಗಿ ಜಪಾನಿಗೆ ತಂದೆ. ಕನ್ನಡದಂತೆ ಜಪಾನಿಯಲ್ಲೂ ಕ್ರಿಯಾಪದ ಕೊನೆಗೇ ಬಂತು. ವಾಕ್ಯ ತಾನಾಗಿಯೇ ಸರಿಯಾಗಿ ಕೂತಿತು. ಆಕೆ ತಲೆಯೆತ್ತಿ ನಿಧಾನವಾಗಿ ಉತ್ತರ ಕೊಟ್ಟರು. ಅಷ್ಟೂ ನನಗೆ ಅರ್ಥವಾಯಿತು.

"ನಿನ್ನ ಕೈ ಅವರ ತಾಯಿ ಕೈಯಂಗೇ ಬೆಚ್ಚಗದೆಯಂತೆ" ಎಂದೆ ಅವ್ವನಿಗೆ.

"ಅಂಗಾರೆ ಇನ್ನೊಸಿ ಒತ್ತು ಇಡ್ಕಂಡಿರ್ತೀನಿ ಅನ್ನು" ಎಂದಳು ಅವ್ವ.

ರಜೆ ಮುಗಿಸಿ ನಾನು ತರಗತಿಗೆ ಮರಳಿದೆ. ಇಂಗ್ಲಿಷಿನ ಸುತ್ತುದಾರಿ ಬಿಟ್ಟು ನಮ್ಮೂರ ಕನ್ನಡದಿಂದ ನೇರವಾಗಿ ಜಪಾನಿಗೆ ಹೋಗತೊಡಗಿದೆ. ತಪ್ಪುಗಳೇನೂ ನಿಲ್ಲಲಿಲ್ಲ, ಆದರೆ ತಪ್ಪು ಮಾಡಲಿಕ್ಕಾದರೂ ಬಾಯಿ ತೆರೆಯುವ ಧೈರ್ಯ ಬಂದಿತ್ತು.